ಬೇವಿನ ಕೊಂಬೆ, ಮೇಲ್ಮುದ್ದೆ ಮನೆ ಮತ್ತು ಗಾಳಿಮಳೆ

ಮನೆ ಮೇಲೆ ಬಾಗಿದ ಕೊಂಬೆ ಕಡಿಸೋ ಕಷ್ಟ ಮಲೆನಾಡಿನವರದ್ದು ಅಂತ ಎಲ್ಲರೂ ತಿಳಿದಿರ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂದ್ರೆ ಬರದ ಸೀಮೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಇಲ್ಲಿ ಮರ ಇರೋದೇ ಹೆಚ್ಚು, ಕೊಂಬೆಗೆ ಹೆದರೋದೇನು ಬಂತು ಅಂತೀರಾ? ನಮ್ಮ ಕಡೆ ಮಳೆ ಜಿಟಿಜಿಟಿ ಅಂತ ಬರೋದಲ್ಲ ಸ್ವಾಮಿ. ಭರಣಿ, ಕೃತ್ತಿಕೆ, ರೋಹಿಣಿ ಹೊತ್ತಿಗೆ ಮಧ್ಯಾಹ್ನವೆಲ್ಲ ಕುದ್ದು, ಸಂಜೆ ಧೂಳೆಬ್ಬಿಸಿಕೊಂಡು ಗಾಳಿ ಜೊತೆ ಬರುತ್ತೆ. ಅರ್ಧ ಗಂಟೆಯ ಆಟ, ಅಷ್ಟರಲ್ಲಿ ಹಿತ್ತಲ ಬೇವಿನ ಕೊಂಬೆ ನೆಲದ ಮೇಲೆ!

ಹಳಬರು ಇದನ್ನು ಹೇಗೆ ನಿಭಾಯಿಸ್ತಿದ್ರು ಅಂತ ಯೋಚಿಸಿದಾಗ ನನಗೆ ಹೊಳೆದದ್ದು ಇಷ್ಟು: ಅವರು 'ಅಪಾಯಕಾರಿ ಕೊಂಬೆ' ತೆಗೀತಾನೇ ಇರಲಿಲ್ಲ. ಕೊಂಬೆ ಅಪಾಯವಾಗೋಷ್ಟು ಬೆಳೆಯೋಕೆ ಬಿಡ್ತಾ ಇರಲಿಲ್ಲ, ಅಷ್ಟೇ. ಉಗಾದಿ ಕಳೆದು ಹುಲ್ಲು ಮುಗಿದ ಹೊತ್ತಿಗೆ ಆಡುಗಳಿಗೆ ಸೊಪ್ಪು ಬೇಕು. ದೋಟಿಗೆ ಕುಡುಗೋಲು ಕಟ್ಟಿ ಬೇವು, ಜಾಲಿ ಸವರೋರು. ಒಣಗಿದ ಕಡ್ಡಿ ಒಲೆಗೆ. ನೆಟ್ಟಗಿದ್ದ ಕೊಂಬೆ ಜಂತಿಗೆ. ಆಗ ನಮ್ಮ ಊರುಗಳ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಜಂತಿ ಮೇಲೆ ಕಡ್ಡಿ ಹಾಸಿ, ಮಳೆಗೆ ಮುಂಚೆ ಚೌಳು ಮಣ್ಣಿನ ಮೇಲ್ಮುದ್ದೆ ಹಾಕೋರು. ಮಾಳಿಗೆ ಗಟ್ಟಿ ಮಾಡೋ ಕಾಲ, ಸೊಪ್ಪು ಸವರೋ ಕಾಲ ಎರಡೂ ಗಾಳಿಮಳೆಗೆ ಮುಂಚೆಯೇ. ಸುರಕ್ಷತೆ ಅನ್ನೋ ಮಾತನ್ನೇ ಆಡದೆ ಸುರಕ್ಷತೆ ಆಗಿಬಿಡ್ತಿತ್ತು. 1876-78ರ ಧಾತು-ಈಶ್ವರ ಬರ ಕಂಡ ಸೀಮೆ ಇದು. ಎಲೆ ಅಂದ್ರೆ ಮೇವು ಅನ್ನೋದನ್ನ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸರ್ಕಾರಕ್ಕೂ ಹಿತ್ತಲ ಮರಕ್ಕೂ ಆಗ ಸಂಬಂಧ ಕಡಿಮೆ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಈ ಸೀಮೆ ಕಂಪನಿ ಕೈಗೆ, ಮದ್ರಾಸಿಗೆ ಸೇರಿತು. 1882ರ ಮದ್ರಾಸ್ ಅರಣ್ಯ ಕಾಯ್ದೆ ಬಂದರೂ ಅದರ ಕಣ್ಣು ಕಾಡಿನ ಮೇಲೆ. 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯ ಸೇರಿದೆವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ವಾಪಸ್ ಬಂತು. 2021ರಿಂದ ಐದೂ ತಾಲೂಕು ವಿಜಯನಗರ ಜಿಲ್ಲೆ. ಈ ಓಡಾಟದ ನಡುವೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪಟ್ಟಣಗಳ ಹಿತ್ತಲಿಗೆ ಕಾಲಿಟ್ಟಿತು. ಅದರ ಪ್ರಕಾರ ಕಡಿಯೋದು ಅಂದ್ರೆ ಬುಡ ಕತ್ತರಿಸೋದು ಮಾತ್ರ ಅಲ್ಲ, ಕೊಂಬೆ ಕಡಿಯೋದೂ ಸೇರುತ್ತೆ. ವೃಕ್ಷ ಅಧಿಕಾರಿಯ ಅನುಮತಿ ಬೇಕು. ಹಾಗಂತ ಕಾಯ್ದೆ ಕಣ್ಣು ಮುಚ್ಚಿಕೊಂಡಿಲ್ಲ. ಮರ ಒಣಗಿದ್ರೆ, ಜೀವಕ್ಕೋ ಆಸ್ತಿಗೋ ಅಪಾಯ ಇದ್ರೆ ಅನುಮತಿ ನಿರಾಕರಿಸುವಂತಿಲ್ಲ.

ಮನೆಯೊಳಗೆ ಇನ್ನೂ ದೊಡ್ಡ ಬದಲಾವಣೆ ಆಯ್ತು. ಆಡು ಪಟ್ಟಣದ ಹಿತ್ತಲು ಬಿಟ್ಟಿತು. ಒಲೆ ಜಾಗಕ್ಕೆ ಗ್ಯಾಸ್, ಮೇಲ್ಮುದ್ದೆ ಜಾಗಕ್ಕೆ ಆರ್‌ಸಿಸಿ ಮತ್ತು ತಗಡು ಬಂತು. ಕೊಂಬೆ ಈಗ ಯಾರಿಗೂ ಬೇಡ. ಬೇಡವಾದ್ದರಿಂದ ಸವರೋರಿಲ್ಲ, ಸವರದೆ ಅದು ತೊಲೆಯಷ್ಟಾಗುತ್ತೆ, ಕೆಳಗೆ ವಿದ್ಯುತ್ ತಂತಿ. ಒಂದು ಮೇ ತಿಂಗಳ ಗಾಳಿಗೆ ಹೆದರಿ ಮರವನ್ನೇ ಬುಡಸಮೇತ ತೆಗೆಸಿಬಿಡ್ತಾರೆ. ನನ್ನ ಸಂಕಟ ಇರೋದು ಇಲ್ಲೇ. ಬಿಸಿಲಿಗೆ ತಗಡು ಕಾಯುವ ಊರಲ್ಲಿ ಒಂದು ಬೇವಿನ ನೆರಳು ಹೋದ್ರೆ ಮತ್ತೊಂದು ಬರೋಕೆ ಒಂದು ತಲೆಮಾರು ಬೇಕು.

ಕಡಿಯೋ ರೀತಿಯೂ ಹಾಗೇ. ಮೇಲಿಂದ ಒಂದೇ ಏಟು ಹಾಕಿದ್ರೆ ಕೊಂಬೆ ಸೀಳಿ ಕಾಂಡದ ತೊಗಟೆ ಕಿತ್ತುಕೊಂಡು ಬರುತ್ತೆ. ಮೊದಲು ಕೆಳಗಿಂದ ಸ್ವಲ್ಪ ಕೊಯ್ದು, ಆಮೇಲೆ ಅದರಾಚೆ ಮೇಲಿಂದ ಕತ್ತರಿಸಿ, ಉಳಿದ ಮೋಟನ್ನು ಕಾಂಡದ ಹತ್ತಿರದ ಉಬ್ಬು ಬಿಟ್ಟು ತೆಗೀಬೇಕು. ಅಮೆರಿಕದ ಅಲೆಕ್ಸ್ ಶೈಗೋ 1977ರಲ್ಲಿ ಹ್ಯಾರಲ್ಡ್ ಮಾರ್ಕ್ಸ್ ಜೊತೆ ತೋರಿಸಿದ್ದು ಇದರ ಹಿಂದಿನ ಗುಟ್ಟು: ಮರದ ಗಾಯ ನಮ್ಮ ಗಾಯದ ಹಾಗೆ ಮಾಯೋದಿಲ್ಲ, ಮರ ಕೊಳೆಯ ಸುತ್ತ ಒಳಗೇ ಗೋಡೆ ಕಟ್ಟಿಕೊಳ್ಳುತ್ತೆ. ಉಬ್ಬು ಕತ್ತರಿಸಿದ್ರೆ ಗೋಡೆ ಕಟ್ಟೋ ಶಕ್ತಿಯನ್ನೇ ಕತ್ತರಿಸಿದಂತೆ.

ಇನ್ನೊಂದು ಮಾತು. ಮಳೆಗಾಲದಲ್ಲಿ ಬೇವಿನ ತುದಿ ಸುಟ್ಟ ಹಾಗೆ ಒಣಗಿದ್ದನ್ನ ನೋಡಿ ಮರ ಸತ್ತಿತು ಅಂತ ಕಡಿಸೋರಿದ್ದಾರೆ. ಅದು ಫೋಮಾಪ್ಸಿಸ್ ಅನ್ನೋ ಶಿಲೀಂಧ್ರದ ಕೆಲಸ ಇರಬಹುದು; ಮೈಸೂರಿನ ವಿಜ್ಞಾನಿಗಳು 1997ರಲ್ಲೇ ಗುರುತಿಸಿದ್ದು. ಎಷ್ಟೋ ಮರಗಳು ಮತ್ತೆ ಚಿಗುರುತ್ವೆ. ಕೊಡಲಿ ಎತ್ತೋ ಮುಂಚೆ ಒಂದು ಉಗಾದಿ ಕಾದು ನೋಡಬಹುದಲ್ವಾ?

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆಡು ಮುಟ್ಟಿದ್ದಕ್ಕೇ ನಮ್ಮ ಹಿತ್ತಲ ಮರಗಳು ಮನೆ ಜೊತೆ ಜಗಳವಿಲ್ಲದೆ ಬಾಳಿದವು ಅಂತ ನನಗನ್ಸುತ್ತೆ. ನಿಮ್ಮೂರ ಕಡೆ ಕೊಂಬೆ ಯಾರು ಸವರ್ತಿದ್ರು, ಯಾವ ಮಳೆಗೆ ಮುಂಚೆ?