ಪಾಂಗಾಂಗ್ ಮೇಲಿನ ದೀಪಗಳು: ಒಂದೇ ಸಂಸ್ಥೆ, ಎರಡು ಉತ್ತರ

ಈ ಸಲ ಮಾತಾಡ್ತಿರೋದು ಸಯನ್ ಗುಡ್ಡದ ಕೋಟೆಯಿಂದ. 1669ರಿಂದ 1677ರ ನಡುವೆ ಇಂಗ್ಲಿಷರು ಕಟ್ಟಿಸಿದ ಕಾವಲು ಕೋಟೆ ಇದು. ಆಗ ಈ ಕಡೆ ಅವರ ಪರೇಲ್ ದ್ವೀಪ, ಆ ಕಡೆ ಪೋರ್ಚುಗೀಸರ ಸಾಲ್ಸೆಟ್. ಇಲ್ಲಿ ನಿಂತವನ ಕೆಲಸ ಒಂದೇ: ಆಚೆ ಏನಾದ್ರೂ ಅಲುಗಾಡಿದ್ರೆ ವರದಿ ಮಾಡೋದು.

ಮೊನ್ನೆ ಸಂಜೆ ಇಲ್ಲೇ ನಿಂತಿದ್ದಾಗ ಪಶ್ಚಿಮದಲ್ಲಿ ಒಂದು ಬೆಳಕು. ಪಕ್ಕದ ಹುಡುಗ ‘ಡ್ರೋನ್’ ಅಂದ, ನಾನೂ ನಂಬಿದೆ. ಅರ್ಧ ಗಂಟೆ ಆದ್ಮೇಲೆ ಗೊತ್ತಾಯ್ತು, ಅದು ಶುಕ್ರ ಗ್ರಹ. ನಾವು ನಕ್ಕು ಸುಮ್ಮನಾದ್ವಿ. ಆದ್ರೆ ಇದೇ ತಪ್ಪು ಗಡಿಯಲ್ಲಿ ಆದ್ರೆ?

2012ರ ಆಗಸ್ಟ್‌ನಿಂದ ಲಡಾಖ್‌ನಲ್ಲಿ ನಮ್ಮ ಸೈನಿಕರು, ಐಟಿಬಿಪಿ ಜವಾನರು ವಿಚಿತ್ರ ಬೆಳಕುಗಳನ್ನ ನೋಡತೊಡಗಿದ್ರು. ಹಳದಿ ಗೋಳಗಳು ಚೀನಾ ಕಡೆಯ ದಿಗಂತದಿಂದ ಮೇಲೇಳ್ತವೆ, ಮೂರರಿಂದ ಐದು ಗಂಟೆ ಆಕಾಶದಲ್ಲಿ ಸಾಗಿ ಮಾಯವಾಗ್ತವೆ. ಪಾಂಗಾಂಗ್ ಸರೋವರದ ಹತ್ತಿರ ಬೆಟ್ಟದ ಮೇಲೆ ಸೇನೆ ರೇಡಾರ್ ತಂದಿಟ್ಟಿತು. ಕಣ್ಣಿಗೆ ಕಂಡದ್ದು ರೇಡಾರ್‌ಗೆ ಸಿಗಲಿಲ್ಲ. ಡ್ರೋನ್ ಹಾರಿಸಿದ್ರು; ಅದೂ ಹತ್ತಿರ ಹೋಗಲಾಗದೆ ಗುರಿ ಕಳ್ಕೊಂಡಿತು.

ಇಲ್ಲಿಂದ ಕಥೆ ನಮ್ಮೂರಿಗೆ ಬರುತ್ತೆ. ಪಾಂಗಾಂಗ್‌ಗೆ ಸುಮಾರು 150 ಕಿ.ಮೀ. ದಕ್ಷಿಣಕ್ಕೆ, ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ ಒಂದು ವೀಕ್ಷಣಾಲಯ ಇದೆ. ಅದು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯದು. ಅಲ್ಲಿನ ಎರಡು ಮೀಟರ್ ದೂರದರ್ಶಕವನ್ನ ನಡೆಸೋದು ಉಪಗ್ರಹ ಸಂಪರ್ಕದ ಮೂಲಕ, ನಮ್ಮ ಹೊಸಕೋಟೆಯಿಂದ! ಕೋಲಾರದ ಕಡೆ ಹೋಗುವಾಗ ಎಷ್ಟು ಸಲ ದಾಟಿದೀವಿ.

2012ರ ಸೆಪ್ಟೆಂಬರ್ ಕೊನೆಗೆ ಹಾನ್ಲೆಯ ತಂಡ ಮೂರು ದಿನ ನೋಡಿತು. ಅವರ ಅಭಿಪ್ರಾಯ, ಆಗಿನ ಇಂಡಿಯಾ ಟುಡೇ ವರದಿ ಪ್ರಕಾರ: ಇವು ಆಕಾಶಕಾಯಗಳಲ್ಲ, ಗ್ರಹವೂ ಅಲ್ಲ, ಉಲ್ಕೆಯೂ ಅಲ್ಲ. 2013ರ ಜುಲೈನಲ್ಲಿ ಅದೇ ಸಂಸ್ಥೆಯ ಉತ್ತರ ಬೇರೆ: ಒಂದು ಶುಕ್ರ, ಇನ್ನೊಂದು ಗುರು. ನಕ್ಷತ್ರಗಳಿಗೆ ಹೋಲಿಸಿ ಚಲನೆ ನೋಡಿದಾಗ ಅದು ತಿಳಿದುಬಂತು. ಅಷ್ಟರಲ್ಲಿ ಸೇನೆಯ ದಾಖಲೆಯಲ್ಲಿ 329 ದರ್ಶನ. ಅದರಲ್ಲಿ 155 ‘ಗಡಿ ಉಲ್ಲಂಘನೆ’!

ಹಾಗಾದ್ರೆ ಯಾವುದು ನಿಜ? ನಾನೇ ಲೆಕ್ಕ ಹಾಕಿ ನೋಡಿದೆ. ಆ ಸೆಪ್ಟೆಂಬರ್ ಕೊನೆಯಲ್ಲಿ ಗುರು ಹುಟ್ಟುತ್ತಿದ್ದದ್ದು ರಾತ್ರಿ ಹತ್ತರ ಆಸುಪಾಸು, ಶುಕ್ರ ಬೆಳಗಿನ ಜಾವ ಮೂರರ ನಂತರ. ಸೂರ್ಯ ಬರೋವರೆಗೆ ಶುಕ್ರಕ್ಕೆ ಸಿಗೋದು ಮೂರು ಗಂಟೆ ಚಿಲ್ಲರೆ. ದಿಗಂತದ ಹತ್ತಿರ ಅದು ಹಳದಿಯಾಗೇ ಕಾಣುತ್ತೆ. ಇನ್ನು ‘ಚೀನಾ ಕಡೆಯಿಂದ’ ಅನ್ನೋದು? ಪಾಂಗಾಂಗ್‌ನಲ್ಲಿ ಚೀನಾ ಇರೋದೇ ಪೂರ್ವಕ್ಕೆ. ಗ್ರಹ ಬೇರೆ ಯಾವ ಕಡೆಯಿಂದ ಹುಟ್ಟಬೇಕು? ರೇಡಾರ್ ಮೌನಕ್ಕೂ ಇದೇ ಉತ್ತರ.

ಆದ್ರೂ 329ಕ್ಕೂ ಒಂದೇ ಲೇಬಲ್ ಅಂಟಿಸೋಕೆ ನನಗೆ ಮನಸ್ಸು ಬರಲ್ಲ. ನಮ್ಮ ಕೆಲಸದಲ್ಲಿ ಎರಡು ಟಿಕೆಟ್‌ಗೆ ರೂಟ್ ಕಾಸ್ ಸಿಕ್ತು ಅಂತ ಉಳಿದ ಮುನ್ನೂರನ್ನ ನೋಡದೇ ಕ್ಲೋಸ್ ಮಾಡ್ತೀವಾ? ಮೊದಲು ‘ಗ್ರಹವಲ್ಲ’ ಅಂದದ್ದು ಯಾಕೆ ಅನ್ನೋ ಪ್ರಶ್ನೆಗೂ ಉತ್ತರ ಬಾಕಿ ಇದೆ.

ಇದು ತಮಾಷೆಯ ಸುದ್ದಿಯಾಗಿ ಜಗತ್ತೆಲ್ಲ ಓಡಾಡಿತು. ಸೈನಿಕರನ್ನ ನೋಡಿ ನಕ್ಕವರೇ ಹೆಚ್ಚು. ಆದ್ರೆ 2013ರ ಏಪ್ರಿಲ್‌ನಲ್ಲಿ ದೆಪ್ಸಾಂಗ್‌ನಲ್ಲಿ ಎರಡೂ ಸೇನೆ ಮೂರು ವಾರ ಮುಖಾಮುಖಿ ನಿಂತಿದ್ವು. ಅಂಥ ಹೊತ್ತಲ್ಲಿ ಒಂದು ಗ್ರಹದ ಹೆಸರು ಶತ್ರುವಿನ ಖಾತೆಗೆ ಬಿದ್ದಿತ್ತು. ಅಲ್ಲಿ ಕಾವಲಿದ್ದ ಹುಡುಗ ಸುಳ್ಳು ಹೇಳಲಿಲ್ಲ. ಕಂಡದ್ದನ್ನ ಬರೆದ, ಹಾಗೆ ಬರೆದಿದ್ದಕ್ಕೇ ಆಮೇಲೆ ತಾಳೆ ನೋಡೋಕೆ ಏನಾದ್ರೂ ಉಳಿದಿತ್ತು. ತಪ್ಪಿದ್ದು ‘ಯಾರದ್ದು?’ ಅಂತ ಮೊದಲು ಕೇಳಿ, ‘ಏನಿದು?’ ಅಂತ ಆಮೇಲೆ ಕೇಳಿದ್ದರಲ್ಲಿ.

ಮುಂದಿನ ಸಲ ಸಿಗೋಣ.