ಸಾಂಬ್ರಾ ರನ್‌ವೇ ಉದ್ದವಾಯಿತು, ನೆಲದ ಕೆಲಸ ಯಾರ ಪಾಲಿಗೆ?

ವಿಮಾನ ನಿಲ್ದಾಣದ ಚರಿತ್ರೆ ಅಂದರೆ ನಾವು ಪತ್ರಕರ್ತರು ಬರೆಯುವುದು ಮೂರೇ ಸಂಗತಿ: ಜಮೀನು, ರನ್‌ವೇ, ಉದ್ಘಾಟನೆ. ವಿಮಾನ ಇಳಿದ ಮೇಲೆ ನೆಲದ ಮೇಲೆ ನಡೆಯುವ ಕೆಲಸದ ಬಗ್ಗೆ ಬರೆಯುವುದು ಕಡಿಮೆ. ಆದರೆ ಸುತ್ತಲಿನ ಹಳ್ಳಿಯ ಹುಡುಗರಿಗೆ ಸಿಗಬಹುದಾದ ಕೆಲಸ ಹೆಚ್ಚಾಗಿ ಇರುವುದು ಅಲ್ಲೇ. ಅದಕ್ಕೇ ಈ ಸಲ ಬೆಳಗಾವಿಯ ಸಾಂಬ್ರಾ ನಿಲ್ದಾಣದ ಕಥೆಯನ್ನು ಆ ಕಡೆಯಿಂದ ನೋಡೋಣ.

ಬೆಳಗಾವಿ ಪೇಟೆಯಿಂದ ಸುಮಾರು 10 ಕಿಲೋಮೀಟರ್ ದೂರದ ಸಾಂಬ್ರಾದಲ್ಲಿ ಮೊದಲು ವಿಮಾನ ಇಳಿದದ್ದು ಪ್ರಯಾಣಿಕರಿಗಾಗಿ ಅಲ್ಲ, ಯುದ್ಧಕ್ಕಾಗಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1942ರಲ್ಲಿ, ಬ್ರಿಟಿಷರ ರಾಯಲ್ ಏರ್ ಫೋರ್ಸ್ ಇದನ್ನು ಕಟ್ಟಿಸಿತು. ಭಾರತೀಯ ವಾಯುಪಡೆಯ ತರಬೇತಿ ಶಾಲೆ ಇಂದಿಗೂ ಅಲ್ಲಿದೆ. ಪ್ರಯಾಣಿಕರ ವಿಮಾನಗಳು ಬಂದದ್ದು ನಂತರ. ರನ್‌ವೇ ಗಿಡ್ಡ ಇದ್ದುದರಿಂದ ಬಂದವೂ ರೆಕ್ಕೆಗೆ ಪಂಖ ಇರುವ ಸಣ್ಣ ವಿಮಾನಗಳೇ.

ಆಮೇಲೆ ವಿಸ್ತರಣೆಯ ಮಾತು ಶುರುವಾಯಿತು. ಸುಮಾರು 370 ಎಕರೆ ಜಮೀನು ಬೇಕಾಯಿತು. ರನ್‌ವೇಯನ್ನು 2,300 ಮೀಟರ್‌ಗೆ ಉದ್ದ ಮಾಡಿ, 300 ಪ್ರಯಾಣಿಕರು ಹಿಡಿಸುವ ಹೊಸ ಟರ್ಮಿನಲ್ ಕಟ್ಟಿದರು. 2017ರ ಸೆಪ್ಟೆಂಬರ್ 14ರಂದು ಆಗಿನ ವಿಮಾನಯಾನ ಸಚಿವ ಅಶೋಕ್ ಗಜಪತಿ ರಾಜು ಅದನ್ನು ಉದ್ಘಾಟಿಸಿದರು. ಬೋಯಿಂಗ್, ಏರ್‌ಬಸ್ ಇಳಿಯಲು ದಾರಿಯಾಯಿತು.

ದೊಡ್ಡ ವಿಮಾನ ಬಂದರೆ ನೆಲದ ಕೆಲಸವೂ ಬದಲಾಗುತ್ತದೆ. ಇದಕ್ಕೆ ಗ್ರೌಂಡ್ ಹ್ಯಾಂಡ್ಲಿಂಗ್ ಅನ್ನುತ್ತಾರೆ. ವಿಮಾನ ನಿಂತ ಕೂಡಲೇ, ಲಾರಿ ಗಾಲಿಗೆ ಕಲ್ಲು ಇಟ್ಟ ಹಾಗೆ, ಗಾಲಿಗಳಿಗೆ ದಿಮ್ಮಿ ಇಡಬೇಕು. ಮೆಟ್ಟಿಲು ತರಬೇಕು, ಲಗೇಜ್ ಇಳಿಸಬೇಕು, ಒಳಗೆ ಸ್ವಚ್ಛ ಮಾಡಬೇಕು, ಮತ್ತೆ ಲಗೇಜ್ ತುಂಬಬೇಕು. 70 ಸೀಟಿನ ಎಟಿಆರ್ ವಿಮಾನ ನೆಲಕ್ಕೆ ಹತ್ತಿರ ಇರುತ್ತದೆ. ಚೀಲಗಳನ್ನು ಕೈಯಿಂದಲೇ ಎತ್ತಿ ಹಾಕಬಹುದು, ಮೆಟ್ಟಿಲು ಅದರ ಬಾಗಿಲಲ್ಲೇ ಇದೆ. 180 ಸೀಟಿನ ವಿಮಾನಕ್ಕೆ ಎತ್ತರದ ಮೆಟ್ಟಿಲು ಗಾಡಿ, ಲಗೇಜ್ ಏರಿಸುವ ಬೆಲ್ಟ್ ಗಾಡಿ, ಕರೆಂಟ್ ಕೊಡುವ ಗಾಡಿ ಬೇಕಾಗುತ್ತವೆ. ಗಾಡಿ ಹೆಚ್ಚಾದರೆ ಚಾಲಕರೂ ಬೇಕು. ಇಷ್ಟೆಲ್ಲ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕು.

ಆದರೆ ರನ್‌ವೇ ಉದ್ದವಾದ ಮಾತ್ರಕ್ಕೆ ಈ ಕೆಲಸ ಬರುವುದಿಲ್ಲ ಎಂಬುದನ್ನು ಸಾಂಬ್ರಾ ಬೇಗನೇ ಕಂಡಿತು. ಗ್ರೌಂಡ್ ಹ್ಯಾಂಡ್ಲಿಂಗ್ ದುಡಿಮೆ ನಿಂತಿರುವುದು ವಿಮಾನಗಳ ಲೆಕ್ಕದ ಮೇಲೆ. ಉದ್ಘಾಟನೆಯಾಗಿ ವರ್ಷ ತುಂಬುವ ಮೊದಲೇ, 2018ರಲ್ಲಿ, ಸ್ಪೈಸ್‌ಜೆಟ್ ತನ್ನ ಹಾರಾಟವನ್ನು ಹುಬ್ಬಳ್ಳಿಗೆ ಒಯ್ದಿತು. ಹೊಸ ಟರ್ಮಿನಲ್ ಭಣಗುಟ್ಟಿತು. 2019ರ ಜನವರಿಯಲ್ಲಿ ಉಡಾನ್ ಯೋಜನೆಯ ಮೂರನೇ ಸುತ್ತಿನಲ್ಲಿ ಬೆಳಗಾವಿಗೆ ಮಾರ್ಗಗಳು ಸಿಕ್ಕವು, ಹೈದರಾಬಾದ್, ತಿರುಪತಿ, ಇಂದೋರ್ ಹತ್ತಿರವಾದವು. ಉಡಾನ್ ಸಹಾಯಧನಕ್ಕೆ ಮೂರು ವರ್ಷದ ಗಡುವು ಇದೆ. ಗಡುವು ಮುಗಿದ ಮೇಲೆ ಹಲವು ಮಾರ್ಗಗಳು ನಿಂತವು. ವಿಮಾನ ಹೆಚ್ಚಾದಾಗ ಕೈಗಳು ಬೇಕು, ಕಡಿಮೆಯಾದಾಗ ಬೇಡ. ಮಳೆ ನಂಬಿದ ಹೊಲದ ಕೂಲಿಯಂತೆಯೇ ಇದು.

ಹಾಗಾದರೆ ಈ ಕೈಗಳಿಗೆ ರಕ್ಷಣೆ ಏನು? 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯಲ್ಲಿ ಒಂದು ಮಾತಿದೆ. ಗ್ರೌಂಡ್ ಹ್ಯಾಂಡ್ಲಿಂಗ್ ಕೆಲಸವನ್ನು ವಿಮಾನ ಕಂಪನಿ ಅಥವಾ ಏಜೆನ್ಸಿ ತನ್ನ ಸ್ವಂತ ನೌಕರರಿಂದಲೇ ಮಾಡಿಸಬೇಕು. ಗುತ್ತಿಗೆ ಮೇಲೆ ತೆಗೆದುಕೊಂಡರೂ ಕನಿಷ್ಠ ಒಂದು ವರ್ಷಕ್ಕೆ, ನೇರವಾಗಿ ತೆಗೆದುಕೊಳ್ಳಬೇಕು. ಜನರನ್ನು ಪೂರೈಸುವ ಮಧ್ಯವರ್ತಿ ಕಾಂಟ್ರ್ಯಾಕ್ಟರ್ ಮೂಲಕ ಸೇರಿಸುವಂತಿಲ್ಲ. ಇದಕ್ಕೆ ಸುರಕ್ಷತೆಯೂ ಕಾರಣ: ವಿಮಾನದ ಹತ್ತಿರ ಹೋಗುವವರು ಯಾರು, ಯಾರ ನೌಕರರು ಎಂಬುದು ಖಚಿತ ಇರಬೇಕು.

2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಗೆ ಹೋದರೂ, ನೆಲದ ಕೆಲಸ ಮಾಡುವ ಎಐ ಏರ್‌ಪೋರ್ಟ್ ಸರ್ವಿಸಸ್ ಸರ್ಕಾರದ ಬಳಿಯೇ ಉಳಿಯಿತು. ಬೇರೆ ಬೇರೆ ನಿಲ್ದಾಣಗಳಿಗೆ ಅದು ಹೊರಡಿಸುವ ಜಾಹೀರಾತುಗಳಲ್ಲಿ ಹ್ಯಾಂಡಿಮ್ಯಾನ್ ಕೆಲಸಕ್ಕೆ 10ನೇ ತರಗತಿ ಸಾಕು. ಗಾಡಿ ಓಡಿಸುವವರಿಗೆ ಅದರ ಜೊತೆ ಹೆವಿ ಲೈಸೆನ್ಸ್ ಬೇಕು. ನಮ್ಮ ಹಳ್ಳಿಗಳಲ್ಲಿ ಟಿಪ್ಪರ್, ಲಾರಿ ಓಡಿಸುವ ಹುಡುಗರಿಗೆ ಇದು ದೂರದ ಮಾತಲ್ಲ.

2024ರ ಮಾರ್ಚ್ 10ರಂದು ಸಾಂಬ್ರಾದ ಮತ್ತೊಂದು ಹೊಸ ಟರ್ಮಿನಲ್‌ಗೆ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಕಟ್ಟಡ ದೊಡ್ಡದಾಗುತ್ತದೆ, ನೆಲದ ಕೆಲಸವೂ ಬೆಳೆಯುತ್ತದೆ ಎಂಬ ಮಾತು ಮತ್ತೆ ಕೇಳುತ್ತೇವೆ. ಆಗ ನಾವು ಕೇಳಬೇಕಾದ ಪ್ರಶ್ನೆ ಎರಡು. ದಿನಕ್ಕೆ ಎಷ್ಟು ವಿಮಾನ ಬರುತ್ತವೆ? ನೇಮಕಾತಿ ಪತ್ರದ ಮೇಲೆ ಯಾರ ಹೆಸರು, ಎಷ್ಟು ತಿಂಗಳ ಅವಧಿ ಇದೆ? "ಏರ್‌ಪೋರ್ಟ್‌ನಾಗ ನೌಕರಿ ಕೊಡಿಸ್ತೀನಿ" ಅಂತ ಯಾರಾದರೂ ರೊಕ್ಕ ಕೇಳಿದರೆ, ಕೊಡುವ ಮೊದಲು ಆ ಎರಡನೇ ಪ್ರಶ್ನೆ ಕೇಳಿ ನೋಡಿ.