ಹಡಗಿನ ಬಣ್ಣ ಹೇಳುವ ಯುದ್ಧದ ಕಥೆ

ಕಟ್ಟಿಗೆ ಕೆತ್ತಿ, ಬಣ್ಣ ಹಚ್ಚಿ, ನಿಜವೇ ಅನ್ನಿಸುವಂಥ ಮಾದರಿ ಮಾಡುವ ಕೆಲಸ ನಮ್ಮ ಕಲ್ಲೋಳಿ ಸೀಮೆಗೆ ಹೊಸದಲ್ಲ. ಹಗುರ ಕಟ್ಟಿಗೆ ಮತ್ತು ಸುತ್ತಲಿನ ಒಂದು ಬಗೆಯ ಮಣ್ಣಿನಿಂದ ಗೋಕಾಕದಲ್ಲಿ ಮನುಷ್ಯರ, ಹಣ್ಣುಗಳ ಮಾದರಿ ಮಾಡುತ್ತಾರೆಂದು ಬ್ರಿಟಿಷರ ಕಾಲದ ಗ್ಯಾಝೆಟಿಯರ್ ಬರೆದಿಟ್ಟಿದೆ. ಗೊಂಬೆ ಮಾವು ಕಾಯಿಯೋ ಹಣ್ಣೋ ಎಂದು ಬಣ್ಣವೇ ಹೇಳಬೇಕು. ಯುದ್ಧನೌಕೆಯ ಮಾದರಿ ಮಾಡುವವರದೂ ಅದೇ ಲೆಕ್ಕ. ಅಲ್ಲಿ ಬಣ್ಣ ಹೇಳುವುದು ತಾರೀಖನ್ನು.

ಎರಡನೇ ಮಹಾಯುದ್ಧದ ಕಾಲದ ಇಟಲಿಯ 'ರೋಮಾ' ಯುದ್ಧನೌಕೆಯನ್ನೇ ನೋಡಿ. 1940ರ ಜೂನ್ 9ರಂದು ಅದು ನೀರಿಗಿಳಿಯಿತು. ಮರುದಿನವೇ ಇಟಲಿ ಯುದ್ಧ ಸಾರಿತು. ಕೆಲಸ ಮುಗಿದು ನೌಕಾಪಡೆ ಸೇರಿದ್ದು 1942ರ ಜೂನ್‌ನಲ್ಲಿ. ಉದ್ದ ಸುಮಾರು 240 ಮೀಟರ್. ದೊಡ್ಡ ತೋಪುಗಳು 9, ಒಂದೊಂದರ ಬಾಯಿ 381 ಮಿಲಿಮೀಟರ್. 350ರಲ್ಲಿ ಒಂದು ಪಾಲಿನ ಅಳತೆಗೆ ಮಾಡಿದರೆ ಮಾದರಿ 69 ಸೆಂಟಿಮೀಟರ್ ಆಗುತ್ತದೆ. ಆ ಲೆಕ್ಕದಲ್ಲಿ ಒಬ್ಬ ನಾವಿಕ ಹೆಚ್ಚುಕಡಿಮೆ ಜೋಳದ ಕಾಳಿನಷ್ಟು.

ರೋಮಾದ ಪಕ್ಕೆಗಳಿಗೆ ತಿಳಿಬೂದು, ಗಾಢಬೂದು ಬಣ್ಣದ ದೊಡ್ಡ ದೊಡ್ಡ ಪಟ್ಟೆಗಳಿದ್ದವು. ಹಡಗು ಯಾವ ಕಡೆ ಹೊರಟಿದೆ ಎಂದು ಶತ್ರುವಿಗೆ ತಿಳಿಯಬಾರದು ಎಂಬುದು ಉದ್ದೇಶ. ಆದರೆ ಮುಂಭಾಗದ ಮೇಲ್ಕಟ್ಟೆಗೆ ಎದ್ದು ಕಾಣುವ ಕೆಂಪು-ಬಿಳಿ ಓರೆಪಟ್ಟೆ! ಅಡಗಬೇಕಾದ ಹಡಗಿಗೆ ಇದೇಕೆ? 1940ರ ಜುಲೈ 9ರ ಪುಂಟಾ ಸ್ಟಿಲೋ ಕಾಳಗದಲ್ಲಿ ಇಟಲಿಯ ವಿಮಾನಗಳು ತಮ್ಮದೇ ಹಡಗುಗಳ ಮೇಲೂ ಬಾಂಬ್ ಹಾಕಿದವು. ಆ ಮೇಲೆ ಇಟಲಿಯ ಯುದ್ಧನೌಕೆಗಳಿಗೆ ಈ ಗುರುತು ಬಂತು. ಮಾದರಿಗೆ ಈ ಪಟ್ಟೆ ಬರೆಯುವಾಗ ಮೊದಲು ಬಿಳಿ ಹಚ್ಚಿ ಒಣಗಿಸಬೇಕು, ಟೇಪ್ ಅಂಟಿಸಿ ಆಮೇಲೆ ಕೆಂಪು. ಕೆಂಪಿನ ಮೇಲೆ ಬಿಳಿ ಹಚ್ಚಿದರೆ ಅಡಿಯ ಕೆಂಪು ಇಣುಕುತ್ತದೆ.

ಆ ಗುರುತು ಸ್ವಂತ ವಿಮಾನಗಳಿಂದ ಕಾಯುವುದಕ್ಕೆ. ಹಳೆಯ ಗೆಳೆಯರಿಂದ ಕಾಯಲಿಲ್ಲ. 1943ರ ಸೆಪ್ಟೆಂಬರ್ 8ರಂದು ಇಟಲಿ ಮಿತ್ರರಾಷ್ಟ್ರಗಳ ಜೊತೆ ಕದನ ನಿಲ್ಲಿಸಿದ ಸುದ್ದಿ ಹೊರಬಿತ್ತು. ಮರುದಿನ ಸಾರ್ಡಿನಿಯಾ ದ್ವೀಪದ ಬಳಿ, ಅಲ್ಲಿಯವರೆಗೆ ಜೊತೆಗಾರರಾಗಿದ್ದ ಜರ್ಮನರ ವಿಮಾನಗಳು ರೇಡಿಯೋದಿಂದ ದಾರಿ ತಿದ್ದುವ ಬಾಂಬ್‌ಗಳನ್ನು ಹಾಕಿದವು. ಎರಡು ಬಿದ್ದವು. ರೋಮಾ ಎರಡು ತುಂಡಾಗಿ ಮುಳುಗಿತು. ಅಡ್ಮಿರಲ್ ಕಾರ್ಲೋ ಬೆರ್ಗಾಮಿನಿ ಸೇರಿ 1,200ಕ್ಕೂ ಹೆಚ್ಚು ಜನ ಸತ್ತರು. ಅವಶೇಷ ಸಿಕ್ಕಿದ್ದು 2012ರಲ್ಲಿ.

ಇದು ದೂರದ ಕಥೆ ಅನ್ನಿಸಬಹುದು. ಆದರೆ ಅದೇ ಸೆಪ್ಟೆಂಬರ್ ಕೊನೆಗೆ ಇಟಲಿಯ ನೌಕಾನೆಲೆ ಟರಾಂಟೋದಲ್ಲಿ 8ನೇ ಭಾರತೀಯ ಡಿವಿಜನ್ ಇಳಿಯಿತು. ಅದರಲ್ಲಿ ಬೆಳಗಾವಿಯಲ್ಲಿ ಕೇಂದ್ರವಿದ್ದ ಮರಾಠಾ ರೆಜಿಮೆಂಟಿನ ಮೊದಲ ಬೆಟಾಲಿಯನ್ ಇತ್ತು. ಅದೇ ಬೆಟಾಲಿಯನ್ನಿನ ನಾಮದೇವ ಜಾಧವ ಅವರಿಗೆ 1945ರ ಏಪ್ರಿಲ್ 9ರಂದು ಸೆನಿಯೋ ನದಿಯ ಬಳಿ ತೋರಿದ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್ ಬಂತು.

ಶಾಲೆಯ ಪ್ರದರ್ಶನಕ್ಕೆ ಹಡಗು ಮಾಡುವ ಮಕ್ಕಳಿಗೆ ಒಂದು ಮಾತು: ಮೊದಲು ಯಾವ ದಿನದ ಹಡಗು ಎಂದು ಗೊತ್ತು ಮಾಡಿಕೊಳ್ಳಿ, ಬಣ್ಣದ ಡಬ್ಬಿ ಆಮೇಲೆ ತೆರೆಯಿರಿ. ಮೇಲ್ಕಟ್ಟೆಯ ಮೇಲೆ ಜೋಳದ ಕಾಳಿನಷ್ಟು ಮನುಷ್ಯರನ್ನೂ ನಿಲ್ಲಿಸಿ. ಹಡಗು ಎಷ್ಟು ದೊಡ್ಡದಿತ್ತು, ಅದರಲ್ಲಿ ಯಾರಿದ್ದರು ಎಂಬುದು ನೋಡುವವರಿಗೆ ಆಗಲೇ ತಿಳಿಯುವುದು.